ಬಿಡಿ ಪರೀಕ್ಷೆ: ಕಂಪ್ಯೂಟರಿನ ಲೆಕ್ಕಕ್ಕೂ ತಾಳೆ ಬೇಕು

ತಿಂಗಳ ಕೊನೆಯಲ್ಲಿ ಸಂಬಳದ ಚೀಟಿ ಕೈಗೆ ಬಂದಾಗ ನಾವೆಲ್ಲರೂ ಮೊದಲು ನೋಡುವುದು ಕೆಳಗಿನ ಮೊತ್ತವನ್ನು. ಅದು ಕಡಿಮೆಯಾಗಿದ್ದರೆ ಮಾತ್ರ ಮೇಲಿನ ಸಾಲುಗಳನ್ನು ಒಂದೊಂದಾಗಿ ಓದುತ್ತೇವೆ. ಲೆಕ್ಕ ಬರೆಯುವ ಗುಮಾಸ್ತರ ರೂಢಿ ಇದಕ್ಕೆ ವಿರುದ್ಧವಾದುದು. ಅವರು ಪ್ರತಿ ಪುಟದ ಮೊತ್ತವನ್ನು ಆ ಪುಟದಲ್ಲಿಯೇ ತಾಳೆ ನೋಡಿ, ಅನಂತರ ಮುಂದಿನ ಪುಟಕ್ಕೆ ಒಯ್ಯುತ್ತಾರೆ. ನೂರು ಪುಟ ಮುಗಿದ ಮೇಲೆ ತಾಳೆ ತಪ್ಪಿತೆಂದರೆ, ತಪ್ಪು ಎಲ್ಲಿದೆಯೆಂದು ಹುಡುಕುವುದರಲ್ಲಿಯೇ ರಾತ್ರಿ ಕಳೆದುಹೋಗುತ್ತದೆ.

ಇಂದು ಸಂಬಳದ ಲೆಕ್ಕವನ್ನು ಹೆಚ್ಚಾಗಿ ಕಂಪ್ಯೂಟರು ಮಾಡುತ್ತದೆ. ಆ ಯಂತ್ರಕ್ಕೆ ಲೆಕ್ಕದ ಕ್ರಮವನ್ನು ಬರೆದುಕೊಡುವ ಸಾಫ್ಟ್‌ವೇರ್ ಕೆಲಸಗಾರರಲ್ಲಿಯೂ ಪುಟವಾರು ತಾಳೆಯಂಥ ಒಂದು ಪದ್ಧತಿ ಉಂಟು. ಅದಕ್ಕೆ ಯೂನಿಟ್ ಟೆಸ್ಟ್ ಎಂದು ಹೆಸರು. ನಾವು ಅದನ್ನು ಬಿಡಿ ಪರೀಕ್ಷೆ ಎನ್ನೋಣ.

ಬಿಡಿ ಪರೀಕ್ಷೆ ಎಂದರೇನು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಂಟೆಗೆ 60 ರೂಪಾಯಿ ಕೂಲಿ. ದಿನಕ್ಕೆ 8 ಗಂಟೆ ಕೆಲಸ. ಅದಕ್ಕೆ ಮೇಲ್ಪಟ್ಟ ಓವರ್‌ಟೈಮಿಗೆ ಇಮ್ಮಡಿ, ಅಂದರೆ ಗಂಟೆಗೆ 120 ರೂಪಾಯಿ. ಈ ಲೆಕ್ಕವನ್ನು ಒಬ್ಬರು ಯಂತ್ರಕ್ಕೆ ಹೀಗೆ ಬರೆದುಕೊಟ್ಟರೆಂದು ಭಾವಿಸಿ: ದುಡಿದ ಗಂಟೆಗಳಿಂದ 8ನ್ನು ಕಳೆ, ಬಂದುದನ್ನು 120ರಿಂದ ಗುಣಿಸು, ಅದಕ್ಕೆ 480 ಕೂಡಿಸು.

10 ಗಂಟೆ ದುಡಿದವರಿಗೆ 720 ರೂಪಾಯಿ ಬಂದಿತು, ಸರಿ. 8 ಗಂಟೆಯವರಿಗೆ 480, ಅದೂ ಸರಿ. ಬರೆದವರು ಸಮಾಧಾನದಿಂದ ಎದ್ದುಬಿಡಬಹುದು. ಆದರೆ ಮೈಗೆ ಸರಿಯಿಲ್ಲದೆ 4 ಗಂಟೆ ಮಾತ್ರ ದುಡಿದು ಮನೆಗೆ ಹೋದವರ ಗತಿಯೇನು? ಅವರಿಗೆ ನ್ಯಾಯವಾಗಿ 240 ರೂಪಾಯಿ ಸಲ್ಲಬೇಕು. ಯಂತ್ರ ಕೊಡುವುದು ಸೊನ್ನೆ! 3 ಗಂಟೆ ದುಡಿದವರಾದರೆ, ಅವರಿಂದಲೇ 120 ರೂಪಾಯಿ ಬರಬೇಕೆಂದು ಯಂತ್ರ ತೋರಿಸುತ್ತದೆ. ಹೇಳಿದ್ದನ್ನು ಹೇಳಿದಂತೆ ಮಾಡುವುದಷ್ಟೇ ಅದರ ಧರ್ಮ.

‘4 ಗಂಟೆ ಕೊಟ್ಟರೆ 240 ಬರಬೇಕು’ ಎಂಬ ಒಂದು ಸಾಲನ್ನು ಮೊದಲೇ ಬರೆದಿಟ್ಟು, ಯಂತ್ರವೇ ಅದನ್ನು ತಾಳೆ ನೋಡುವಂತೆ ಮಾಡಿದರೆ ಅದೇ ಬಿಡಿ ಪರೀಕ್ಷೆ. ಒಮ್ಮೆ ಬರೆದುದು ಉಳಿದುಕೊಳ್ಳುತ್ತದೆ. ಮುಂದಿನ ವರ್ಷ ಬೇರೊಬ್ಬರು ಬಂದು ಆ ಲೆಕ್ಕವನ್ನು ತಿದ್ದುವಾಗ ಹಳೆಯ ತಪ್ಪು ಮತ್ತೆ ನುಸುಳಿದರೆ, ಆ ಕ್ಷಣದಲ್ಲಿಯೇ ಅದು ಹಿಡಿದುಕೊಡುತ್ತದೆ.

ಉಪಕರಣ ಹುಟ್ಟಿದ ಬಗೆ

ಇಂಥ ಪರೀಕ್ಷೆಗಳು ಸಾವಿರಾರು ಆದಾಗ ಅವನ್ನು ನಡೆಸಲು ಒಂದು ಉಪಕರಣ ಬೇಕಾಗುತ್ತದೆ. ಅಮೆರಿಕದ ಕೆಂಟ್ ಬೆಕ್ ಎಂಬವರು ಸ್ಮಾಲ್‌ಟಾಕ್ ಎಂಬ ಕಂಪ್ಯೂಟರ್ ಭಾಷೆಗಾಗಿ ಅಂಥದೊಂದನ್ನು ರಚಿಸಿ, 1994ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. 1996ರಲ್ಲಿ ಅವರು ಕ್ರೈಸ್ಲರ್ ಮೋಟಾರು ಕಂಪನಿಯ ಸಂಬಳ ಲೆಕ್ಕದ ಯೋಜನೆಗೆ ಮುಖ್ಯಸ್ಥರಾದರು. ಸುಮಾರು 87,000 ನೌಕರರ ಸಂಬಳವನ್ನು ಒಂದೇ ವ್ಯವಸ್ಥೆಯಲ್ಲಿ ಲೆಕ್ಕ ಹಾಕುವುದು ಅದರ ಗುರಿ. ಎಲ್ಲ ಬಿಡಿ ಪರೀಕ್ಷೆಗಳೂ ತೇರ್ಗಡೆಯಾದ ಹೊರತು ಯಾರೂ ತಮ್ಮ ಭಾಗವನ್ನು ಒಟ್ಟು ಕೆಲಸಕ್ಕೆ ಸೇರಿಸಬಾರದೆಂಬುದು ಆ ತಂಡದ ಕಟ್ಟುನಿಟ್ಟಾದ ನಿಯಮವಾಗಿತ್ತು.

1997ರಲ್ಲಿ ಬೆಕ್ ಮತ್ತು ಸ್ವಿಟ್ಜರ್ಲೆಂಡಿನ ಎರಿಕ್ ಗಾಮಾ ಇಬ್ಬರೂ ಝೂರಿಕ್‌ನಿಂದ ಅಟ್ಲಾಂಟಾದ ಒಂದು ಸಮ್ಮೇಳನಕ್ಕೆ ವಿಮಾನದಲ್ಲಿ ಹೊರಟರು. ದಾರಿಯಲ್ಲಿ ಜೊತೆಗೆ ಕುಳಿತು, ಜಾವಾ ಭಾಷೆಗಾಗಿ ಅದೇ ಬಗೆಯ ಉಪಕರಣವನ್ನು ಬರೆದರು. ಅದೇ ಜೆಯೂನಿಟ್. ಅದು ಪ್ರತಿ ಪರೀಕ್ಷೆಯನ್ನೂ ಬೇರೆಬೇರೆಯಾಗಿ ನಡೆಸುತ್ತದೆ. ಒಂದರ ಶೇಷ ಇನ್ನೊಂದಕ್ಕೆ ತಗಲದಂತೆ ನೋಡಿಕೊಳ್ಳುತ್ತದೆ. ಎಲ್ಲವೂ ಸರಿಯಿದ್ದರೆ ಹಸಿರು ಪಟ್ಟಿ. ಒಂದು ತಪ್ಪಿದರೂ ಕೆಂಪು ಪಟ್ಟಿ. ಬರಬೇಕಾದುದು 240, ಬಂದದ್ದು ಸೊನ್ನೆ ಎಂದು ಕೆಳಗೆ ತಿಳಿಸುತ್ತದೆ. ಇದನ್ನು ಅನುಸರಿಸಿ ಬೇರೆ ಅನೇಕ ಭಾಷೆಗಳಿಗೂ ಉಪಕರಣಗಳು ಬಂದುವು.

ತಂಡದ ಮುಖ್ಯಸ್ಥರ ಕರ್ತವ್ಯ

ಉಪಕರಣ ಇದ್ದ ಮಾತ್ರಕ್ಕೆ ಅದನ್ನು ಎಲ್ಲರೂ ಬಳಸುತ್ತಾರೆಂದು ತಿಳಿಯಬಾರದು. ಪರೀಕ್ಷೆ ಮುಗಿಯಲು ಒಂದು ಗಂಟೆ ಹಿಡಿದರೆ ಯಾರೂ ಅದನ್ನು ಮತ್ತೆ ಮತ್ತೆ ನಡೆಸುವುದಿಲ್ಲ. ಆದ್ದರಿಂದ ಅದು ಬೇಗ ಮುಗಿಯುವಂತೆ ಮಾಡುವುದು ಮುಖ್ಯಸ್ಥರ ಮೊದಲ ಕೆಲಸ. ಕೆಲಸ ಬರೆದವರೇ ಅದರ ಪರೀಕ್ಷೆಯನ್ನೂ ಬರೆಯಬೇಕು. ಕೊನೆಗೆ ಇನ್ನಾರೋ ನೋಡುತ್ತಾರೆಂದು ಬಿಡಬಾರದು. ಹೊಸ ತಪ್ಪು ಕಂಡಾಗ ಮೊದಲು ಅದನ್ನು ತೋರಿಸಿಕೊಡುವ ಪರೀಕ್ಷೆ ಬರೆದು, ಅನಂತರ ತಿದ್ದಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಕೆಂಪು ಪಟ್ಟಿ ಕಂಡಾಗ ಗದರಿಸುವ ಮುಖ್ಯಸ್ಥರ ಕೈಕೆಳಗೆ ಜನ ಪರೀಕ್ಷೆ ಬರೆಯುವುದನ್ನೇ ನಿಲ್ಲಿಸುತ್ತಾರೆ. ಕೆಂಪು ಬಂದದ್ದು ಕೆಲಸದ ತಪ್ಪಿಗೆ. ಕೆಲಸ ಮಾಡಿದವರ ಮಾನಕ್ಕಲ್ಲ. ಇದು ಸಾಫ್ಟ್‌ವೇರಿಗೆ ಮಾತ್ರವಲ್ಲ, ಯಾವ ಕಚೇರಿಗೂ ಯಾವ ಕಾರ್ಖಾನೆಗೂ ಸಲ್ಲುವ ಮಾತು.

ಇದರ ಮಿತಿ

ಕ್ರೈಸ್ಲರ್ ಯೋಜನೆ 1997ರಲ್ಲಿ ಸುಮಾರು 10,000 ಜನರಿಗೆ ಸಂಬಳ ಲೆಕ್ಕ ಹಾಕಲಾರಂಭಿಸಿತಾದರೂ, ಉಳಿದವರೆಲ್ಲರನ್ನು ತಲುಪುವ ಮೊದಲೇ 2000ರಲ್ಲಿ ಅದನ್ನು ನಿಲ್ಲಿಸಿದರು. ಆದಕಾರಣ ಪರೀಕ್ಷೆಯೊಂದರಿಂದಲೇ ಎಲ್ಲವೂ ಕೈಗೂಡುತ್ತದೆಂದು ನಾವು ಹೇಳುವುದಿಲ್ಲ. ಬರೆದವರು ನಿಯಮವನ್ನೇ ತಪ್ಪಾಗಿ ತಿಳಿದಿದ್ದರೆ ಪರೀಕ್ಷೆಯೂ ಅದೇ ತಪ್ಪನ್ನು ಸರಿಯೆನ್ನುತ್ತದೆ. ಅರ್ಧ ದಿನದ ಕೂಲಿ, ರಜೆಯ ಕಡಿತ, ರಾತ್ರಿ ಪಾಳಿಯ ಭತ್ಯೆ ಇವುಗಳ ಮರ್ಮ ಬಲ್ಲವರು ಸಂಬಳ ವಿಭಾಗದ ಗುಮಾಸ್ತರು, ದುಡಿಯುವ ಕಾರ್ಮಿಕರು. ನಿಮ್ಮ ಕಚೇರಿಗೆ ಹೊಸ ವ್ಯವಸ್ಥೆ ಬಂದಾಗ ‘ನಮಗೇನು ತಿಳಿಯುತ್ತದೆ’ ಎಂದು ಹಿಂಜರಿಯಬೇಡಿ. ನೀವು ಕಂಡ ವಿಚಿತ್ರ ಪ್ರಕರಣಗಳನ್ನು ಬರೆದುಕೊಡಿ. ಒಳ್ಳೆಯ ಪರೀಕ್ಷೆಗಳು ಹುಟ್ಟುವುದು ಅವುಗಳಿಂದಲೇ.

ಅಭ್ಯಾಸಕ್ಕೆ

ಮೇಲಿನ ಕೂಲಿಯ ದರದಲ್ಲಿ ಈ ಮೂರಕ್ಕೂ ಬರಬೇಕಾದ ಉತ್ತರವನ್ನು ಮೊದಲು ಕಾಗದದ ಮೇಲೆ ಬರೆಯಿರಿ: 1. ದುಡಿದದ್ದು 0 ಗಂಟೆ. 2. ದುಡಿದದ್ದು 8½ ಗಂಟೆ. 3. ಒಂದೇ ದಿನದಲ್ಲಿ ದುಡಿದದ್ದು 25 ಗಂಟೆ ಎಂದು ಕೈತಪ್ಪಿನಿಂದ ನಮೂದಾಗಿದೆ. ಮೂರನೆಯದಕ್ಕೆ ಯಂತ್ರ ಹಣ ಲೆಕ್ಕ ಹಾಕಬೇಕೇ, ಲೆಕ್ಕವನ್ನೇ ನಿರಾಕರಿಸಬೇಕೇ ಎಂಬುದನ್ನು ಸ್ನೇಹಿತರೊಡನೆ ಚರ್ಚಿಸಿ.