ಬಟ್ಟೆ ವಿಮಾನದ ಹೊಟ್ಟೆಯೊಳಗಿನ ಆಂಟೆನಾ

ಕೋಥರೂಡ್, ಪುಣೆ

ಚಿ. ಪುಟ್ಟಿಗೆ,

ನಿನ್ನ ಕಾಗದ ಓದಿದೆ. ಪುಷ್ಪಕ್ ವಿಮಾನಕ್ಕೆ ಕೈ ಹಚ್ಚುವ ಯೋಗ ಈಗಿನ ಎಷ್ಟು ಹುಡುಗ ಹುಡುಗಿಯರಿಗಿದೆ ಹೇಳು? ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ತಂಡ ಕಟ್ಟಿದ್ದು ಅದು. ಮೊದಲು ಹಾರಿದ್ದು 1958ರ ಸೆಪ್ಟೆಂಬರಿನಲ್ಲಿ. ಘಾಟಗೆ ಕೊಲ್ಹಾಪುರದ ಕಡೆಯವರು, ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದವರು. ಆ ಮರಾಠಿ ನೆಲದ ಮನುಷ್ಯ ನಮ್ಮೂರಿಗೆ ಬಂದು ವಿಮಾನ ಕಟ್ಟಿದರು, ನಾನು ಅವರ ಸೀಮೆಗೆ ಬಂದು ವಿಮಾನಗಳ ವೈರು ಬಿಚ್ಚುತ್ತ ಮುದುಕನಾದೆ. ಲೆಕ್ಕ ಸಮ.

ನಿಮ್ಮ ಹ್ಯಾಂಗರಿನಲ್ಲಿ ಎಲ್ಲರೂ "ರೇಡಿಯೊ ಹೋಗಿದೆ, ಹೊಸದು ತರಿಸಿ" ಅನ್ನುತ್ತಿದ್ದಾರೆ ಎಂದು ಬರೆದಿದ್ದೀಯ. ತರಿಸಬೇಡ. ಒಂದು ದಿಕ್ಕಿಗೆ ಹಾರುವಾಗ ಟವರಿನವರಿಗೆ ನಿಮ್ಮ ಮಾತು ಸ್ಪಷ್ಟವಾಗಿ ಕೇಳಿ, ವಿಮಾನ ತಿರುಗಿದ ಕೂಡಲೇ ಕರಗಿಹೋಗುತ್ತದೆ ಅಂತ ನೀನೇ ಬರೆದಿದ್ದೀಯಲ್ಲ! ರೇಡಿಯೊ ಪೆಟ್ಟಿಗೆಗೆ ದಿಕ್ಕು ತಿಳಿಯದು. ದಿಕ್ಕು ನೋಡಿ ಕೆಲಸ ಮಾಡುವುದು ಆಂಟೆನಾ, ಅದರ ಸುತ್ತ ಇರುವ ಲೋಹ. ಎಂಜಿನ್ ನಿಲ್ಲಿಸಿದಾಗ ರೇಡಿಯೊದೊಳಗಿನ ಸದ್ದು ಹೋದರೆ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಕಡೆ ನೋಡು. ಅಲುಗಾಡಿದಾಗ ಮಾತ್ರ ಕಡಿದುಹೋದರೆ ಕನೆಕ್ಟರ್ ಬಿಚ್ಚು. ಮಳೆಗಾಲ ಕಳೆದ ಮೇಲೆ ಅದರೊಳಗೆ ಹಸಿರು ಕಿಲುಬು ಕಂಡರೆ ಆಶ್ಚರ್ಯ ಬೇಡ. ನಿನ್ನದು ಇವೆರಡೂ ಅಲ್ಲ.

ಶಾಲೆಯಲ್ಲಿದ್ದಾಗ ಫೆಬ್ರುವರಿಯ ವಿಜ್ಞಾನ ದಿನಕ್ಕೆ ನಿನ್ನನ್ನು ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯೇ? ಗೋವಿಂದ ಸ್ವರೂಪ್ ಅವರು ಕಟ್ಟಿಸಿದ ಜಿಎಂಆರ್‌ಟಿ ರೇಡಿಯೊ ದೂರದರ್ಶಕ. 45 ಮೀಟರ್ ಅಗಲದ 30 ತಟ್ಟೆಗಳು. "ಇದರಲ್ಲಿ ಬರೀ ತೂತೇ ಇದೆಯಲ್ಲ ದೊಡ್ಡಪ್ಪ, ಅಲೆ ಸೋರಿಹೋಗಲ್ವಾ?" ಅಂತ ನೀನು ಕೇಳಿದ್ದೆ. ಸಣ್ಣ ಉಕ್ಕಿನ ತಂತಿಯ ಬಲೆ ಅದು, ಅದರಾಚೆ ಆಕಾಶ ಕಾಣುತ್ತದೆ. ಆದರೆ ತೂತು ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಾದ್ದರಿಂದ ರೇಡಿಯೊ ಅಲೆಗೆ ಅದು ಗಟ್ಟಿ ಗೋಡೆಯೇ. ಗಾಳಿಗೆ ದಾರಿ, ಅಲೆಗೆ ಅಡ್ಡಿ.

ಈಗ ನಿನ್ನ ಪುಷ್ಪಕ್ ನೋಡು. ಮೇಲೆ ಬಟ್ಟೆ, ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು. ವಿಮಾನದ ಮಾತು ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಅಲೆಯ ಉದ್ದ ಸುಮಾರು 2.4 ಮೀಟರ್. ಕೊಳವೆಗಳ ನಡುವಿನ ಜಾಗ ನಮ್ಮ ಕಣ್ಣಿಗೆ ಬಯಲು, ಈ ಅಲೆಗೆ ಅರ್ಧ ಗೋಡೆ. ಹೊರಗೆ ಕಡ್ಡಿ ನೆಟ್ಟರೆ ಅಂದ ಕೆಡುತ್ತದೆ ಅಂತ ಯಾರೋ ಪುಣ್ಯಾತ್ಮರು ಆಂಟೆನಾವನ್ನು ಸೀಟಿನ ಹಿಂದೆ, ನಿಂತ ಕೊಳವೆಯೊಂದರ ಪಕ್ಕದಲ್ಲೇ ಕಟ್ಟಿದ್ದಾರೆ. ಎರಡೂ ನೆಟ್ಟಗೆ ನಿಂತಿರುವುದರಿಂದ ಕೊಳವೆ ತಾನೂ ಆಂಟೆನಾ ಆಗುತ್ತದೆ. ಒಂದು ಕಡೆಗೆ ಬಲ ಕೊಟ್ಟು ಇನ್ನೊಂದು ಕಡೆ ನೆರಳು ಬೀಳಿಸುತ್ತದೆ. ದಿಕ್ಕಿನ ಗುಟ್ಟು ಇಷ್ಟೇ. ಸೀಟಿನಲ್ಲಿ ಕೂತ ಇಬ್ಬರ ಮೈಯೂ ಒಂದಿಷ್ಟು ಅಲೆ ಕುಡಿಯುತ್ತದೆ. ಬಟ್ಟೆಗೆ ಬಳಿದ ಬೆಳ್ಳಿ ಬಣ್ಣದ ಡೋಪ್ ಲೇಪವನ್ನು ಮಾತ್ರ ಬೈಯಬೇಡ. ಅದರಲ್ಲಿರುವ ಅಲ್ಯೂಮಿನಿಯಂ ಪುಡಿಯ ಕಣಗಳು ಒಂದಕ್ಕೊಂದು ತಾಗದಂತೆ ಡೋಪಿನಲ್ಲಿ ಮುಳುಗಿರುತ್ತವೆ, ತಗಡಿನಂತೆ ತಡೆಯುವುದಿಲ್ಲ.

ಇನ್ನೊಂದು ದೊಡ್ಡ ಕೊರತೆ ನೆಲದ್ದು. ಸುಮಾರು 57 ಸೆಂಟಿಮೀಟರಿನ ಕಾಲು ಅಲೆಯ ಕಡ್ಡಿ ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಅದರ ಬುಡದಲ್ಲಿ ಹರಡಿರಬೇಕಾದ ಲೋಹ. ತಗಡಿನ ವಿಮಾನದಲ್ಲಿ ಮೈಯೇ ಆ ಕೆಲಸ ಮಾಡುತ್ತದೆ. ಬಟ್ಟೆಯ ವಿಮಾನದಲ್ಲಿ ನಾವೇ ಮಾಡಿಕೊಡಬೇಕು. ಒಂದೇ ಕೈಯಿಂದ ಚಪ್ಪಾಳೆ ಆಗುತ್ತದೆಯೇ? ಆ ಇನ್ನೊಂದು ಕೈ ಸಿಗದಿದ್ದಾಗ ವಿದ್ಯುತ್ತು ಕೇಬಲ್ಲಿನ ಹೊರ ಕವಚವನ್ನೇ ಹಿಡಿದುಕೊಂಡು ವಾಪಸು ಕಾಕ್‌ಪಿಟ್‌ಗೆ ಬರುತ್ತದೆ. ಮಾತಾಡುವ ಗುಂಡಿ ಒತ್ತಿದಾಗ ಇಂಟರ್‌ಕಾಮ್ ಕಿರುಚುತ್ತದೆ ಎಂದು ಬರೆದಿದ್ದೀಯಲ್ಲ, ಅದು ಹೆಡ್‌ಸೆಟ್ಟಿನ ದೋಷ ಅಲ್ಲ, ಈ ಪರದೇಸಿ ವಿದ್ಯುತ್ತು. ತಾಮ್ರದ ಪಟ್ಟಿಯ ನಾಲ್ಕು ತುಂಡು, ಒಂದೊಂದೂ ಕಡ್ಡಿಯಷ್ಟೇ ಉದ್ದ, ಬುಡದಿಂದ ನಾಲ್ಕು ದಿಕ್ಕಿಗೆ ಹಾಸಿ ಕನೆಕ್ಟರಿನ ಹೊರಮೈಗೆ ಜೋಡಿಸು. ಕೇಬಲ್ಲಿಗೆ ಆಂಟೆನಾದ ತುದಿಯಲ್ಲೇ ಫೆರೈಟ್ ಉಂಗುರ ಹಾಕು. ಕಿರುಚಾಟ ಇಳಿಯದಿದ್ದರೆ ಆಗ ಕೇಳು.

ಹಡಪ್ಸರಿನ ಗ್ಲೈಡಿಂಗ್ ಸೆಂಟರ್ ನೋಡಿ ಬಂದ ನಿನ್ನ ಗೆಳೆಯ, ಗ್ಲೈಡರಿನ ಹಾಗೆ ಬಾಲದ ಫಿನ್ ಒಳಗೆ ಡೈಪೋಲ್ ಇಡೋಣ ಅಂದನಂತೆ. ಹುಡುಗ ಜಾಣ. ಡೈಪೋಲಿಗೆ ಎರಡು ಕೈಯೂ ಇರುವುದರಿಂದ ಕೆಳಗೆ ಲೋಹ ಬೇಡ. ಮರದ ಅಥವಾ ಫೈಬರ್‌ಗ್ಲಾಸಿನ ಫಿನ್ ಆದರೆ ಅದಕ್ಕಿಂತ ಒಳ್ಳೆಯ ಜಾಗವೇ ಇಲ್ಲ, ಅಲೆಗೆ ಅದು ಗಾಜಿನ ಮನೆ. ಆದರೆ ಪುಷ್ಪಕ್‌ನ ಫಿನ್ನಿಗೂ ಕೊಳವೆಯ ಅಂಚಿದೆ, ರಡ್ಡರಿನ ಉಕ್ಕಿನ ಕೇಬಲ್ ಬೇರೆ ಅಲ್ಲೇ ಓಡಾಡುತ್ತದೆ. ಅಳೆಯದೆ ಒಪ್ಪಬೇಡ.

ಅಳತೆ ಅಂದರೆ ಎಸ್‌ಡಬ್ಲ್ಯೂಆರ್ ಮೀಟರು. ಇಲ್ಲೇ ಬುದ್ಧಿವಂತರು ಜಾರುವುದು. ಮೀಟರು ಹೇಳುವುದು ಕಳಿಸಿದ ಶಕ್ತಿಯಲ್ಲಿ ಎಷ್ಟು ಮರಳಿತು ಎಂಬುದನ್ನು ಮಾತ್ರ. 3 ಇದ್ದರೆ ಕಾಲು ಭಾಗ ವಾಪಸು, 2 ಇದ್ದರೆ ಶೇ. 11. ಮರಳದೆ ಇದ್ದದ್ದು ಆಕಾಶಕ್ಕೆ ಹೋಯಿತೋ ಕೇಬಲ್ಲಿನಲ್ಲೇ ಶಾಖವಾಯಿತೋ ಅದಕ್ಕೆ ಗೊತ್ತಿಲ್ಲ. ಆಂಟೆನಾ ಬದಲು 50 ಓಮ್‌ನ ಡಮ್ಮಿ ಲೋಡ್ ಸಿಕ್ಕಿಸಿದರೆ ಮೀಟರು ಚೊಕ್ಕವಾಗಿ 1 ಅನ್ನುತ್ತದೆ, ಮಾತು ಮಾತ್ರ ರನ್‌ವೇ ದಾಟುವುದಿಲ್ಲ. ಹಳೆಯ ಕೊಳೆತ ಕೇಬಲ್ಲೂ ಹಾಗೆಯೇ, ಹೋಗುವಾಗ ಅರ್ಧ ತಿಂದು ಬರುವಾಗ ಅರ್ಧ ತಿಂದು ಮೀಟರಿಗೆ ಒಳ್ಳೆಯ ಮುಖ ತೋರಿಸುತ್ತದೆ. ಆದ್ದರಿಂದ ಮೊದಲು ಆಂಟೆನಾ ಕಳಚಿ, ಕೇಬಲ್ಲಿನ ಆ ತುದಿ ತೆರೆದಿಟ್ಟು, ಈ ತುದಿಯಲ್ಲಿ ಅನಲೈಸರ್ ಹಚ್ಚು. ರೇಡಿಯೊ ಗುಂಡಿ ಅಪ್ಪಿತಪ್ಪಿ ಒತ್ತಬೇಡ. ಎಸ್‌ಡಬ್ಲ್ಯೂಆರ್ ಲೆಕ್ಕ ಮೇಲಕ್ಕೆ, ಬಲು ಮೇಲಕ್ಕೆ ಹೋಗಬೇಕು. 3ರ ಆಸುಪಾಸಿನಲ್ಲೇ ನಿಂತರೆ ಕಳಿಸಿದ್ದರಲ್ಲಿ ಅರ್ಧ ಆ ಕೇಬಲ್ಲಿನ ಹೊಟ್ಟೆಗೇ ಹೋಗುತ್ತಿದೆ ಅಂತ ಅರ್ಥ, ಕಿತ್ತೆಸೆ.

ಕೇಬಲ್ ಪಾಸಾದ ಮೇಲೆ ಆಂಟೆನಾ. ವಿಮಾನವನ್ನು ತಗಡಿನ ಹ್ಯಾಂಗರಿನಿಂದ ದೂರ ಬಯಲಿಗೆ ತಳ್ಳಿಸು, ಒಳಗೆ ಅಳೆದರೆ ಹ್ಯಾಂಗರಿನ ಪ್ರತಿಫಲನವೂ ಲೆಕ್ಕಕ್ಕೆ ಸೇರುತ್ತದೆ. ಸೀಟಿನಲ್ಲಿ ಇಬ್ಬರನ್ನು ಕೂರಿಸು. 118, 127, 136 ಮೂರರಲ್ಲೂ ಬರೆದುಕೋ. ಆಮೇಲೆ ಬಾಲ ಹಿಡಿದು ವಿಮಾನವನ್ನು ಸುತ್ತಲೂ ತಿರುಗಿಸುತ್ತ, ದೂರದಲ್ಲಿ ಹ್ಯಾಂಡ್‌ಸೆಟ್ ಹಿಡಿದವನಿಗೆ ಯಾವ ಕಡೆ ಮೂತಿ ಇದ್ದಾಗ ಹೇಗೆ ಕೇಳಿತು ಅಂತ ಕಾಗದದಲ್ಲಿ ಗುರುತು ಹಾಕಿಸು. ಅದೇ ಕಾಗದ ನಿನಗೆ ಮೀಟರಿಗಿಂತ ದೊಡ್ಡ ಸಾಕ್ಷಿ. 121.5ರಲ್ಲಿ ಪರೀಕ್ಷೆ ಸುತರಾಂ ಬೇಡ, ಅದು ಆಪತ್ತಿನವರ ದಾರಿ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಪಟ್ಟಿ, ಉಂಗುರ, ಜಾಗ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಮುಂದಿನವನಿಗೆ ಹೇಳಲಾರೆ.

ನನ್ನ ಮನಸ್ಸು ಕೇಳಿದರೆ, ಕಡ್ಡಿಯನ್ನು ಬಟ್ಟೆಯ ಹೊರಗೆ, ಬೆನ್ನಿನ ಮೇಲೆ ನೆಟ್ಟುಬಿಡುವುದೇ ವಾಸಿ. ಹಳೇ ವಿಮಾನದ ಅಂದ ನೋಡುವವರು ನೆಲದ ಮೇಲಿರುತ್ತಾರೆ, ಮಾತು ಕೇಳಬೇಕಾದದ್ದು ಟವರಿನವರಿಗೆ. ನಿಮ್ಮ ಮಾಲೀಕರು ಒಪ್ಪುವುದಿಲ್ಲ, ಗೊತ್ತು. ಹಾಗಾದರೆ ಕೊಳವೆಗಳಿಂದ ಕೈಲಾದಷ್ಟು ದೂರ, ಸೀಟುಗಳಿಂದ ಹಿಂದೆ ಸರಿಸು. ಎಲ್ಲಿಟ್ಟರೂ ಲೈಸೆನ್ಸ್ ಇರುವ ನಿಮ್ಮ ಎಂಜಿನಿಯರ್ ನೋಡಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕದ ಹೊರತು ಅದು ಹಾರಕೂಡದು.

ದೊಡ್ಡಮ್ಮ ಚಕ್ಕುಲಿ ಕಳಿಸುತ್ತಿದ್ದಾಳೆ, ಗೆಳೆಯನಿಗೂ ಕೊಡು. ಕೇಬಲ್ಲಿನ ಅಳತೆ, ತಿರುಗಿಸಿದಾಗಿನ ಗುರುತು ಎರಡನ್ನೂ ಬರೆದು ಕಳಿಸು. ಅವು ನನ್ನ ಕೈ ಸೇರುವವರೆಗೆ ಹೊಸ ರೇಡಿಯೊದ ಖರೀದಿ ಕಾಗದಕ್ಕೆ ಯಾರೂ ಸಹಿ ಮಾಡದಂತೆ ನೋಡಿಕೋ.

ಇತಿ, ನಿನ್ನ
ದೊಡ್ಡಪ್ಪ