ಸಂಕ ದಾಟಿಸಬಲ್ಲ ಇ-ಬೈಕ್

ಗುಡ್ಡದ ಹಾದಿಗೆ ಹಗುರ ಎಲೆಕ್ಟ್ರಿಕ್ ಮೌಂಟನ್ ಬೈಕ್ ಆರಿಸುವುದು ಹೇಗೆ, ಓಡಿಸುವುದು ಹೇಗೆ?

ಮಲೆನಾಡಿನ ತೋಟದ ಹಾದಿಗೆ ಸೈಕಲ್ ಇಳಿಸಿದವರಿಗೆ ಏರು, ಇಳಿಜಾರುಗಳ ಜೊತೆ ಮೂರನೆಯ ಪರೀಕ್ಷೆಯೊಂದು ಕಾದಿರುತ್ತದೆ. ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಸಂಕ, ಇಲ್ಲವೇ ದನ ನುಗ್ಗದಂತೆ ಕಟ್ಟಿದ ಉಣುಗೋಲು. ಅಲ್ಲಿ ಇಳಿದು ಸೈಕಲ್ಲನ್ನು ಎತ್ತಲೇಬೇಕು. ಸಕಲೇಶಪುರದ ಕಡೆ ಒಮ್ಮೆ ಬಾಡಿಗೆಗೆ ತಂದ ಎಲೆಕ್ಟ್ರಿಕ್ ಮೌಂಟನ್ ಬೈಕನ್ನು ಅಂಥ ಸಂಕದ ಮೇಲೆ ಹೊತ್ತು ನಡೆದಿದ್ದೆ. ಅರ್ಧ ಗಂಟೆ ಮೊದಲು ಏರನ್ನು ಸಲೀಸಾಗಿ ಹತ್ತಿಸಿದ್ದ ಬೈಕು ಹೆಗಲಿಗೇರಿದ ಕೂಡಲೇ 25 ಕಿಲೋ ಅಕ್ಕಿ ಮೂಟೆಯಾಯಿತು. ಕೆಳಗೆ ಹಳ್ಳದ ನೀರು, ಮೇಲೆ ತೂಗಾಡುವ ಮೂಟೆ. ಇ-ಬೈಕಿನಲ್ಲಿ ತೂಕ ಎಂಬುದು ಯಾಕೆ ಮುಖ್ಯ ಎಂದು ನನಗೆ ತಿಳಿದದ್ದು ಅಲ್ಲಿ.

ಈಗ ‘ಹಗುರ’ ಎಂಬ ಹೆಸರಿನಲ್ಲೇ ಒಂದು ಬೇರೆ ವರ್ಗದ ಇ-ಬೈಕುಗಳು ಬಂದಿವೆ. ಬೆಲೆಯೇನೂ ಹಗುರವಲ್ಲ, ಹೆಸರಾಂತ ವಿದೇಶಿ ಕಂಪನಿಗಳ ಮಾದರಿಗಳದ್ದು ಲಕ್ಷಗಳ ಮಾತು. ಆದ್ದರಿಂದ ಕೊಳ್ಳುವ ಮುನ್ನ ಯೋಚಿಸಬೇಕಾದದ್ದು, ಕೊಂಡ ಮೇಲೆ ಕಲಿಯಬೇಕಾದದ್ದು ಎರಡೂ ಇಲ್ಲಿವೆ.

1. ಹಗುರ ಬೇಕೇ, ಬಲ ಬೇಕೇ?

ಪೂರ್ಣ ಬಲದ ಎಲೆಕ್ಟ್ರಿಕ್ ಮೌಂಟನ್ ಬೈಕುಗಳು ಸಾಮಾನ್ಯವಾಗಿ 22ರಿಂದ 26 ಕಿಲೋ ತೂಗುತ್ತವೆ. ಹಗುರ ವರ್ಗದವು 16ರಿಂದ 20 ಕಿಲೋ. ಈ ಉಳಿತಾಯದ ದೊಡ್ಡ ಪಾಲು ಬರುವುದು ಚಿಕ್ಕ ಮೋಟಾರು, ಚಿಕ್ಕ ಬ್ಯಾಟರಿಯಿಂದ. ಬೈಕಿನ ತೂಕ ಇಳಿಸಿಕೊಂಡವರು ಬಲವನ್ನೂ ಓಟದ ದೂರವನ್ನೂ ಒಂದಿಷ್ಟು ಬಿಟ್ಟುಕೊಟ್ಟಿರುತ್ತಾರೆ.

ಹಗುರ ಬೈಕು ಏರಿನಲ್ಲಿ ಗೆಲ್ಲುತ್ತದೆ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಸವಾರ 70 ಕಿಲೋ ಇದ್ದರೆ 24 ಕಿಲೋ ಬೈಕಿನ ಜೊತೆ ಒಟ್ಟು 94, 18 ಕಿಲೋ ಬೈಕಿನ ಜೊತೆ 88. ವ್ಯತ್ಯಾಸ ಶೇ 6ರಷ್ಟು ಮಾತ್ರ. ದೊಡ್ಡ ಮೋಟಾರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮುಂದೆ ಹೋಗುತ್ತದೆ. ಹಗುರತನದ ನಿಜವಾದ ಲಾಭ ಸಿಗುವುದು ತಿರುವಿನಲ್ಲಿ, ಇಳಿಜಾರಿನಲ್ಲಿ, ಬೇರು ಕಲ್ಲುಗಳ ಮೇಲೆ ಮುಂದಿನ ಚಕ್ರ ಎತ್ತಿಡುವಾಗ, ಬ್ರೇಕ್ ಹಾಕಿ ನಿಲ್ಲಿಸುವಾಗ, ಕೊನೆಗೆ ಆ ಸಂಕದ ಮೇಲೆ.

ಹಾಗಾಗಿ ನಿಮ್ಮನ್ನೇ ಕೇಳಿಕೊಳ್ಳಿ. ಸಾಮಾನ್ಯ ಸೈಕಲ್ಲಿನಲ್ಲಿ ಒಂದು ಗಂಟೆ ನಿಲ್ಲದೆ ತುಳಿಯಬಲ್ಲಿರಾ? ಜೊತೆಗಾರರು ಮೋಟಾರಿಲ್ಲದ ಸೈಕಲ್ಲಿನವರೇ? ಹೌದಾದರೆ ಹಗುರ ಬೈಕು ನಿಮಗೆ ಒಗ್ಗುತ್ತದೆ. ಮಂಡಿ ನೋವಿದ್ದರೆ, ಮೈತೂಕ ಹೆಚ್ಚಿದ್ದರೆ, ಗೆಳೆಯರೆಲ್ಲ ಪೂರ್ಣ ಬಲದ ಬೈಕಿನವರಾಗಿದ್ದರೆ ಭಾರದ ಬೈಕೇ ವಾಸಿ. ಹಗುರ ಬೈಕಿನಲ್ಲಿ ಅವರ ಹಿಂದೆ ಓಡಿದರೆ ನಿಮ್ಮ ಚಿಕ್ಕ ಬ್ಯಾಟರಿ ಅರ್ಧ ದಾರಿಯಲ್ಲೇ ಕಣ್ಣು ಮುಚ್ಚುತ್ತದೆ.

2. ಮೋಟಾರು ಎಲ್ಲಿದೆ ನೋಡಿ

ನಮ್ಮ ಅಂಗಡಿಗಳಲ್ಲಿ ‘ಇ-ಎಂಟಿಬಿ’ ಎಂಬ ಚೀಟಿ ಅಂಟಿಸಿಕೊಂಡ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಮೋಟಾರು ಸಾಮಾನ್ಯವಾಗಿ ಹಿಂದಿನ ಚಕ್ರದ ಹಬ್‌ನಲ್ಲಿರುತ್ತದೆ. ಪೇಟೆಗೆ, ಹೊಲದ ದಾರಿಗೆ ಅದು ಸಾಕು. ಆದರೆ ಉದ್ದನೆಯ ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದಂತೆ ಹಬ್ ಮೋಟಾರು ತಿಣುಕುತ್ತದೆ, ಬಿಸಿಯಾಗುತ್ತದೆ. ಪೆಡಲ್ ಇರುವ ಜಾಗದಲ್ಲೇ ಕೂತ ಮಿಡ್ ಡ್ರೈವ್ ಮೋಟಾರಿಗೆ ಸೈಕಲ್ಲಿನ ಗೇರುಗಳ ಸಹಾಯವೂ ಸಿಗುತ್ತದೆ, ಭಾರವೂ ನಡುವಿನಲ್ಲಿ ತಗ್ಗಿನಲ್ಲಿ ಉಳಿಯುತ್ತದೆ. ಗುಡ್ಡಕ್ಕೆ ಇದೇ ಸರಿ.

ಎರಡನೆಯ ಪ್ರಶ್ನೆ ಸೆನ್ಸರ್‌ನದು. ಬರೀ ಕೇಡೆನ್ಸ್ ಸೆನ್ಸರ್ ಇದ್ದರೆ ಪೆಡಲ್ ತಿರುಗಿದ್ದಷ್ಟೇ ಮೋಟಾರಿಗೆ ಗೊತ್ತಾಗುತ್ತದೆ. ಜಾರುವ ಕಲ್ಲಿನ ಮೇಲೆ ಮೆಲ್ಲಗೆ ಪೆಡಲ್ ತಿರುಗಿಸಿದರೂ ಬೈಕು ಎಗರಿಬೀಳುತ್ತದೆ. ಟಾರ್ಕ್ ಸೆನ್ಸರ್ ನೀವು ಎಷ್ಟು ಒತ್ತಿ ತುಳಿದಿರಿ ಎಂದು ಅಳೆದು ಅದಕ್ಕೆ ತಕ್ಕಷ್ಟೇ ತಳ್ಳುತ್ತದೆ. ಕಚ್ಚಾ ಹಾದಿಗೆ ಟಾರ್ಕ್ ಸೆನ್ಸರ್ ಇಲ್ಲದ ಬೈಕು ಬೇಡ.

ಮೂರನೆಯದು ಬಲ. ಬಾಷ್ ಸಿಎಕ್ಸ್, ಶಿಮಾನೊ ಇಪಿ801ರಂಥ ದೊಡ್ಡ ಮೋಟಾರುಗಳ ಟಾರ್ಕ್ 85 ನ್ಯೂಟನ್ ಮೀಟರ್ ಇಲ್ಲವೇ ಅದಕ್ಕೂ ಹೆಚ್ಚು. ಹಗುರ ವರ್ಗದಲ್ಲಿ ಟಿಕ್ಯು ಎಚ್‌ಪಿಆರ್50ರದ್ದು 50, ಬಾಷ್ ಎಸ್‌ಎಕ್ಸ್‌ನದು 55ರ ಆಸುಪಾಸು, ಫಜುವಾ ರೈಡ್ 60ರದ್ದು 60. ಸ್ಪೆಷಲೈಸ್ಡ್ ಲೆವೊ ಎಸ್‌ಎಲ್‌ನ ಮೊದಲ ತಲೆಮಾರಿನಲ್ಲಿ 35 ಇದ್ದದ್ದು ಎರಡನೆಯದರಲ್ಲಿ 50 ಆಯಿತು. ಸಂಖ್ಯೆಗಿಂತ ಸ್ವಭಾವ ಮುಖ್ಯ. ಎಸ್‌ಎಕ್ಸ್ ತನ್ನ ಗರಿಷ್ಠ 600 ವಾಟ್ ಕೊಡುವುದು ಪೆಡಲನ್ನು ಬಿರುಸಾಗಿ ತಿರುಗಿಸುವವರಿಗೆ, ನಿಧಾನವಾಗಿ ಒತ್ತಿ ತುಳಿಯುವವರಿಗೆ ಅಲ್ಲ.

3. ಬ್ಯಾಟರಿಯ ಲೆಕ್ಕ ನೀವೇ ಹಾಕಿ

‘100 ಕಿಲೋಮೀಟರ್ ಓಡುತ್ತದೆ’ ಎಂಬ ಜಾಹೀರಾತನ್ನು ಗುಡ್ಡದಲ್ಲಿ ನಂಬಬೇಡಿ. ಅಲ್ಲಿ ದೂರಕ್ಕಿಂತ ಎತ್ತರ ಮುಖ್ಯ. ನೆನಪಿಡಲು ಸುಲಭದ ಸೂತ್ರ: ಸವಾರ, ಬೈಕು ಸೇರಿ 90 ಕಿಲೋ ಭಾರವನ್ನು 100 ಮೀಟರ್ ಮೇಲಕ್ಕೆ ಒಯ್ಯಲು ಸುಮಾರು 25 ವಾಟ್ ಅವರ್ ಶಕ್ತಿ ಬೇಕು.

ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ನಡೆದೇ ಹತ್ತಬೇಕಾದ ಕೊನೆಯ ಭಾಗ ಬಿಟ್ಟು 800 ಮೀಟರ್ ಏರು ಎಂದಿಟ್ಟುಕೊಳ್ಳಿ. ಬೇಕಾದ ಶಕ್ತಿ 200 ವಾಟ್ ಅವರ್. ಅರ್ಧ ನಿಮ್ಮ ಕಾಲು ಕೊಟ್ಟರೆ ಮೋಟಾರಿನ ಪಾಲು 100. ಮೋಟಾರಿನ ಬಿಸಿ, ಟೈರಿನ ಘರ್ಷಣೆಗಳ ನಷ್ಟ ಸೇರಿಸಿ ಬ್ಯಾಟರಿಯಿಂದ 150ರ ಆಸುಪಾಸು ಖರ್ಚು. ಹಗುರ ಬೈಕುಗಳ ಬ್ಯಾಟರಿ 320ರಿಂದ 430 ವಾಟ್ ಅವರ್. ಅಂದರೆ ಇಂಥ ಏರು ಒಂದು ದಿನಕ್ಕೆ ಎರಡು, ಅದೂ ಮಿತವಾಗಿ ಬಳಸಿದರೆ. ಹೆಚ್ಚು ಬೇಕೆನ್ನುವವರಿಗೆ ನೀರಿನ ಬಾಟಲಿಯ ಜಾಗದಲ್ಲಿ ಕೂರುವ 160 ವಾಟ್ ಅವರ್‌ನಂಥ ಹೆಚ್ಚುವರಿ ಬ್ಯಾಟರಿಗಳಿವೆ.

ಅಪಾರ್ಟ್‌ಮೆಂಟ್ ವಾಸಿಗಳು ಇನ್ನೊಂದು ವಿಷಯ ವಿಚಾರಿಸಿ: ಬ್ಯಾಟರಿ ಹೊರಗೆ ತೆಗೆಯಲು ಬರುತ್ತದೆಯೇ? ತೂಕ ಉಳಿಸಲೆಂದು ಕೆಲವು ಮಾದರಿಗಳಲ್ಲಿ ಅದನ್ನು ಚೌಕಟ್ಟಿನೊಳಗೇ ಕೂರಿಸಿರುತ್ತಾರೆ. ಆಗ ಬೈಕು ನಿಲ್ಲಿಸುವ ಕಡೆಯೇ ಪ್ಲಗ್ ಬೇಕು. 160 ವಾಟ್ ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದಲ್ಲಿ ಒಯ್ಯಲಾಗದು ಎಂಬುದೂ ಗೊತ್ತಿರಲಿ. ವಿದೇಶದಿಂದ ಬರುವ ನೆಂಟರ ಕೈಲಿ ತರಿಸಿಕೊಳ್ಳುವ ಯೋಚನೆ ಅಲ್ಲಿಗೇ ಮುಗಿಯಿತು.

4. ಕಾನೂನಿನ ಗೆರೆ

ಪೆಡಲ್ ತುಳಿದಾಗ ಮಾತ್ರ ನೆರವಾಗುವ, 30 ನಿಮಿಷದ ಮಾಪನದಲ್ಲಿ 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಮೋಟಾರಿನ ನೆರವು ನಿಲ್ಲಿಸುವ ಸೈಕಲ್ಲನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು, ಸರಿಯಾದ ಬ್ರೇಕ್ ಇರಬೇಕು, ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಇಂಥದಕ್ಕೆ ನೋಂದಣಿ, ಚಾಲನಾ ಪರವಾನಗಿಗಳ ಗೊಡವೆಯಿಲ್ಲ. ಮೋಟಾರಿನ ಗರಿಷ್ಠ ಶಕ್ತಿ 300, 600 ವಾಟ್ ಎಂದು ಬರೆದಿದ್ದರೆ ಗಾಬರಿ ಬೇಡ, ಅದು ಕ್ಷಣಕಾಲದ ಲೆಕ್ಕ. ಆದರೆ ವೇಗದ ಮಿತಿ ತೆಗೆಸುವ ಚಿಪ್ ಹಾಕಿಸಿದರೆ ಈ ವಿನಾಯಿತಿಯೂ ಹೋಗುತ್ತದೆ, ವಾರಂಟಿಯೂ ಹೋಗುತ್ತದೆ.

5. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

* ಎತ್ತಿ ನೋಡಿ. ಸೊಂಟದವರೆಗೆ ಎತ್ತಿ ಹತ್ತು ಹೆಜ್ಜೆ ನಡೆಯಿರಿ. ಏದುಸಿರು ಬಂದರೆ ಸಂಕದ ಮೇಲೆ ಏನಾದೀತು ಊಹಿಸಿಕೊಳ್ಳಿ.
* ಮೋಟಾರು ಆರಿಸಿ ತುಳಿಯಿರಿ. ವೇಗ ಗಂಟೆಗೆ 25 ಕಿಲೋಮೀಟರ್ ದಾಟಿದ ಮೇಲೆ, ಚಾರ್ಜ್ ಮುಗಿದ ಮೇಲೆ ಬೈಕು ಇರುವುದು ಹೀಗೆಯೇ. ಕೆಸರಿನಲ್ಲಿ ತುಳಿದಂತೆ ಭಾರ ಅನ್ನಿಸಿದರೆ ಬಿಡಿ.
* ಬ್ರೇಕ್ ನೋಡಿ. ನಾಲ್ಕು ಪಿಸ್ಟನ್‌ನ ಹೈಡ್ರಾಲಿಕ್ ಡಿಸ್ಕ್, ಮುಂದೆ 200 ಮಿಲಿಮೀಟರ್, ಹಿಂದೆ ಕನಿಷ್ಠ 180 ಮಿಲಿಮೀಟರ್ ಡಿಸ್ಕ್ ಇದ್ದರೆ ಘಟ್ಟದ ಇಳಿಜಾರಿಗೆ ಧೈರ್ಯ.
* ಸಸ್ಪೆನ್ಷನ್ ಕೇಳಿ. 120ರಿಂದ 150 ಮಿಲಿಮೀಟರ್ ಟ್ರಾವೆಲ್ (ಕುಗ್ಗುವ ಅಳತೆ) ನಮ್ಮ ತೋಟದ ಹಾದಿಗಳಿಗೆ ಧಾರಾಳವಾಯಿತು.
* ಡ್ರಾಪರ್ ಪೋಸ್ಟ್ ಇರಲಿ. ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುವ ಈ ಸೌಕರ್ಯ ಇಳಿಜಾರಿನಲ್ಲಿ ಪ್ರಾಣಮಿತ್ರ.
* ಕೊನೆಯ ಪ್ರಶ್ನೆ: ಮೋಟಾರು ಕೆಟ್ಟರೆ ರಿಪೇರಿ ಎಲ್ಲಿ? ಬಿಡಿಭಾಗ ಬರಲು ಎಷ್ಟು ದಿನ? ಉತ್ತರ ಬರಹದಲ್ಲಿ ಸಿಕ್ಕರೆ ಒಳ್ಳೆಯದು. ಮೋಟಾರು ಹೊರದೇಶಕ್ಕೆ ಹೋಗಿ ಬರಬೇಕಾದರೆ ಬೈಕು ಆ ಋತುವಿಡೀ ಗೋಡೆಗೆ ಒರಗಿರುತ್ತದೆ.

6. ಮೊದಲ ದಿನದ ಸಜ್ಜು

ಸೀಟಿನ ಎತ್ತರದಿಂದ ಶುರು ಮಾಡಿ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೆಡಲ್ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು. ಸಸ್ಪೆನ್ಷನ್ನಿಗೆ ನಿಮ್ಮ ತೂಕಕ್ಕೆ ತಕ್ಕ ಗಾಳಿ ಹಾಕಿಸಿ: ಸವಾರಿಯ ಉಡುಪಿನಲ್ಲಿ ಸುಮ್ಮನೆ ಕೂತಾಗ ಹಿಂದಿನ ಶಾಕ್ ತನ್ನ ಚಲನೆಯ ಶೇ 25ರಿಂದ 30ರಷ್ಟು, ಮುಂದಿನ ಫೋರ್ಕ್ ಶೇ 20ರಷ್ಟು ಕುಗ್ಗಬೇಕು. ಅವುಗಳ ಕೊಳವೆಯ ಮೇಲಿನ ರಬ್ಬರ್ ಉಂಗುರ ಎಲ್ಲಿಗೆ ಸರಿದಿದೆ ಎಂದು ನೋಡಿದರೆ ಗೊತ್ತಾಗುತ್ತದೆ.

ಟೈರಿಗೆ ಗಾಳಿ ಜಾಸ್ತಿ ಹಾಕುವುದು ನಮ್ಮ ಹಳೆಯ ಚಾಳಿ. 70 ಕಿಲೋ ಸವಾರನಿಗೆ 2.4 ಇಂಚಿನ ಟ್ಯೂಬ್‌ಲೆಸ್ ಟೈರಿನಲ್ಲಿ ಮುಂದೆ 21ರಿಂದ 23, ಹಿಂದೆ 23ರಿಂದ 26 ಪಿಎಸ್‌ಐ ಸಾಕು. ಕಲ್ಲಿನಂತೆ ಗಟ್ಟಿಯಾದ ಟೈರು ಒದ್ದೆ ಬೇರಿನ ಮೇಲೆ ಜಾರುತ್ತದೆ. ಒಳಗಿನ ಸೀಲೆಂಟ್ ನಮ್ಮ ಸೆಕೆಗೆ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ತುಂಬಿಸಿ.

7. ಏರುವ ಪಾಠ

ಏರು ಬರುವ ಮೊದಲೇ ಗೇರು ಇಳಿಸಿ. ಏರಿನ ನಡುವೆ ಬದಲಿಸಲೇಬೇಕಾದರೆ ಅರೆ ಸುತ್ತು ಕಾಲಿನ ಒತ್ತಡ ಸಡಿಲಿಸಿ. ನಿಮ್ಮ ಬಲದ ಜೊತೆ ಮೋಟಾರಿನ ಬಲವೂ ಸೇರಿ ಚೈನು ಎಳೆಯುತ್ತಿರುವಾಗ ಗೇರು ಬದಲಿಸಿದರೆ ‘ಕಟಕ್’ ಎಂಬ ಸದ್ದಿನ ಜೊತೆ ಚೈನೂ ಹೋದೀತು.

ನಿಮಿಷಕ್ಕೆ 75ರಿಂದ 90 ಸುತ್ತು ಪೆಡಲ್ ತಿರುಗುವಂತೆ ಗೇರು ಆರಿಸಿಕೊಳ್ಳಿ. ದೊಡ್ಡ ಗೇರಿನಲ್ಲಿ ಅಮುಕಿ ತುಳಿದರೆ ಮೋಟಾರು ಬಿಸಿಯಾಗಿ ಬ್ಯಾಟರಿ ಹೀರುತ್ತದೆ. ಕಡಿದಾದ ಜಾಗದಲ್ಲಿ ನಿಂತು ತುಳಿಯುವ ಆಸೆ ಬೇಡ, ಹಿಂದಿನ ಚಕ್ರ ಹಿಡಿತ ತಪ್ಪುತ್ತದೆ. ಸೀಟಿನ ಮೂತಿಗೆ ಸರಿದು, ಎದೆ ತಗ್ಗಿಸಿ, ಮೊಣಕೈ ಮಡಚಿ. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ನೆರವಿನ ಮಟ್ಟ ಇಳಿಸಿಕೊಳ್ಳಿ, ಇಲ್ಲವಾದರೆ ಮುಂದಿನ ಚಕ್ರ ಮೇಲೆದ್ದು ನೀವು ಹಿಂದಕ್ಕೆ ಬೀಳುತ್ತೀರಿ.

ನೆರವಿನ ಮಟ್ಟಕ್ಕೆ ಸರಳ ನಿಯಮ: ಸಮತಟ್ಟಿಗೆ ಇಕೋ, ಏರಿಗೆ ನಡುವಿನದು, ಉಸಿರು ಕಟ್ಟುವ ಹತ್ತಿಪ್ಪತ್ತು ಮಾರಿಗೆ ಮಾತ್ರ ಟರ್ಬೊ. ಮೊದಲ ವಾರ ಟರ್ಬೊ ಇದೆ ಎಂಬುದನ್ನೇ ಮರೆತುಬಿಡಿ. ಅರ್ಧ ಚಾರ್ಜ್ ಖಾಲಿಯಾಗುವ ಮೊದಲೇ ಮನೆ ಕಡೆ ತಿರುಗಿ.

8. ಇಳಿಯುವ ಪಾಠ

ಸೀಟು ಇಳಿಸಿ, ಎದ್ದು ನಿಲ್ಲಿ. ಎರಡೂ ಪೆಡಲ್ ಸಮಮಟ್ಟದಲ್ಲಿರಲಿ, ಹಿಮ್ಮಡಿ ತಗ್ಗಲಿ, ಮೊಣಕೈ ಹೊರಕ್ಕೆ ಅಗಲವಾಗಲಿ. ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲಿದ್ದರೆ ಆ ಕಲ್ಲಿಗೇ ಹೋಗಿ ಗುದ್ದುತ್ತೀರಿ. ಹತ್ತು ಮಾರು ಮುಂದಿನ ಹಾದಿ ನೋಡಿ. ಒಂದೊಂದೇ ಬೆರಳಿನಲ್ಲಿ ಬ್ರೇಕ್ ಹಿಡಿಯಿರಿ. ವೇಗ ತಗ್ಗಿಸುವುದು ತಿರುವಿಗೆ ಮುನ್ನ, ತಿರುವಿನ ಒಳಗಲ್ಲ. ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಮುಂದಿನ ಬ್ರೇಕಿನಲ್ಲೇ. ಅದಕ್ಕೆ ಹೆದರದೆ ಮೆಲ್ಲಗೆ ಒತ್ತುವುದನ್ನು ಬಯಲಿನಲ್ಲಿ ಅಭ್ಯಾಸ ಮಾಡಿ.

ಮಳೆಗಾಲದ ಪಾಚಿ ಕಟ್ಟಿದ ಕಲ್ಲು, ಒದ್ದೆ ಬೇರುಗಳ ಮೇಲೆ ಬ್ರೇಕ್ ಮುಟ್ಟಬೇಡಿ, ನೇರವಾಗಿ ದಾಟಿ. ನಮ್ಮಲ್ಲಿ ನವೆಂಬರಿನಿಂದ ಫೆಬ್ರುವರಿವರೆಗೆ ಹಾದಿ ಹದವಾಗಿರುತ್ತದೆ. ಆದರೆ ಕಾಫಿ ಕೊಯ್ಲಿನ ಕಾಲವೂ ಅದೇ. ತೋಟದ ದಾರಿಯ ತುಂಬ ಕೆಲಸದವರು, ಹಣ್ಣಿನ ಮೂಟೆಗಳು. ಸದ್ದಿಲ್ಲದೆ ಬರುವ ಬೈಕಿಗೆ ಗಂಟೆ ಕಟ್ಟಿ, ತೋಟದ ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆನೆ ಓಡಾಡುವ ಸಕಲೇಶಪುರ, ಕೊಡಗಿನ ಕಡೆ ಮುಂಜಾವು, ಮುಸ್ಸಂಜೆಯ ಸವಾರಿ ಬೇಡವೇ ಬೇಡ. ಆನೆಯೆದುರು ಟರ್ಬೊ ಕೆಲಸ ಮಾಡುವುದಿಲ್ಲ.

9. ಮನೆಗೆ ಬಂದ ಮೇಲೆ

ಬಕೆಟ್ ನೀರು, ಬಟ್ಟೆಯಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪೈಪು ಬೇರಿಂಗಿನೊಳಗೂ ಮೋಟಾರಿನ ಸಂದಿಗೂ ನೀರು ನುಗ್ಗಿಸುತ್ತದೆ. ಚೈನು ಒರೆಸಿ ಎಣ್ಣೆ ಹಾಕಿ. ಸವೆದ ಚೈನನ್ನು ಬೇಗ ಬದಲಿಸಿದರೆ ಹಿಂದಿನ ಗೇರುಗಳ ದುಬಾರಿ ಕ್ಯಾಸೆಟ್ ಉಳಿಯುತ್ತದೆ.

ಬಿಸಿಲಿನಿಂದ ಬಂದ ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ. ಕಂಪನಿಯ ಚಾರ್ಜರೇ ಇರಲಿ, ಮಲಗಿದ ಮೇಲೆ ಚಾರ್ಜಿಂಗ್ ಬೇಡ. ಮಳೆಗಾಲವಿಡೀ ಬೈಕು ಮೂಲೆಗೆ ಸೇರುವುದಾದರೆ ಶೇ 30ರಿಂದ 60ರಷ್ಟು ಚಾರ್ಜ್ ಉಳಿಸಿ, ತಂಪಾದ ಒಣ ಜಾಗದಲ್ಲಿಡಿ. ನಿಲ್ಲಿಸಿದ ಕಾರಿನೊಳಗೆ ಬಿಸಿಲಿನಲ್ಲಿ ಬಿಡಬೇಡಿ. ಉಬ್ಬಿದ, ಬಿದ್ದು ಜಜ್ಜಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು, ಕಸದ ಗಾಡಿಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದು.

ಹೊರಡುವ ಮುನ್ನ

ಹೆಲ್ಮೆಟ್, ಕೈಗವಸು, ಮೊಣಕಾಲು ಕವಚ. ಟ್ಯೂಬು, ಪಂಪು, ಚೈನ್ ಜೋಡಿಸುವ ಕೊಂಡಿ, ಅಲೆನ್ ಕೀ. ಎರಡು ಲೀಟರ್ ನೀರು, ಇಂಬಳಕ್ಕೆ ಉಪ್ಪಿನ ಪೊಟ್ಟಣ. ಹೋಗುವ ದಾರಿ, ಮರಳುವ ಹೊತ್ತು ಮನೆಯವರಿಗೆ ತಿಳಿದಿರಲಿ, ಗುಡ್ಡದ ಹಿಂಬದಿಯಲ್ಲಿ ನೆಟ್‌ವರ್ಕ್ ಸಿಗುವುದು ಅಪರೂಪ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ತಿಂಗಳಿಗೊಮ್ಮೆ, ಮನೆಗೆ ಐದು ಕಿಲೋಮೀಟರ್ ಇರುವಾಗ ಮೋಟಾರು ಪೂರ್ತಿ ಆರಿಸಿ ತುಳಿದು ಬನ್ನಿ. ಆ ಐದು ಕಿಲೋಮೀಟರ್ ಬರಬರುತ್ತಾ ಸಲೀಸಾದರೆ ಬೈಕಿನ ಆಯ್ಕೆ ಸರಿಯಾಗಿದೆ, ನಿಮ್ಮ ಕಾಲೂ ಪಳಗಿದೆ ಎಂದರ್ಥ. ಮುಂದಿನ ವಾರ ಸಂಕದ ಆಚೆಯ ಹಾದಿಗೆ ಹೊರಡಬಹುದು.