ಪರೇಲ್‌ನಲ್ಲಿ 5ಜಿ: ಜಾಹೀರಾತಿನ ವೇಗ ಬಿಡಿ, ನಿಮ್ಮ ಕೋಣೆಯ ವೇಗ ಅಳೆಯಿರಿ

2022ರ ಅಕ್ಟೋಬರ್ 1ರಂದು ಏರ್‌ಟೆಲ್ 5ಜಿ ಆರಂಭಿಸಿದ ಎಂಟು ನಗರಗಳಲ್ಲಿ ಮುಂಬೈ ಒಂದು. ನಾಲ್ಕು ದಿನ ಕಳೆದು ವಿಜಯದಶಮಿಯಂದು ಜಿಯೋ ಇಲ್ಲಿ ಪ್ರಾಯೋಗಿಕ ಸೇವೆ ತೆರೆಯಿತು. ವೊಡಾಫೋನ್ ಐಡಿಯಾ 2025ರ ಮಾರ್ಚ್‌ನಲ್ಲಿ ಬಂದು ಸೇರಿತು. ಹಾಗಾಗಿ ಈ ನಗರದ ಪರೇಲ್‌ನವರು ಈಗ ಕೇಳಬೇಕಾದದ್ದು 5ಜಿ ಯಾವಾಗ ಬರುತ್ತದೆ ಎಂದಲ್ಲ, ಬಂದದ್ದರಲ್ಲಿ ನಮ್ಮ ಕೋಣೆಯೊಳಗೆ ಎಷ್ಟು ತಲುಪುತ್ತದೆ ಎಂದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 5ಜಿಗೆ ಎರಡು ಬೇರೆ ಬೇರೆ ಗುರಿಗಳನ್ನು ಗೊತ್ತುಮಾಡಿದೆ. ಆದರ್ಶ ಪರಿಸ್ಥಿತಿಯ ಗರಿಷ್ಠ ವೇಗ ಸೆಕೆಂಡಿಗೆ 20 ಗಿಗಾಬಿಟ್. ದಟ್ಟ ನಗರದಲ್ಲಿ ಸಾಮಾನ್ಯ ಬಳಕೆದಾರನಿಗೆ ಸಿಗಬೇಕಾದದ್ದು ಸೆಕೆಂಡಿಗೆ 100 ಮೆಗಾಬಿಟ್. ಎರಡರ ನಡುವೆ ಇನ್ನೂರು ಪಟ್ಟು ಅಂತರ. ಬಾಯಿಮಾತಿನಲ್ಲಿ ಹಬ್ಬುವುದು ಮೊದಲನೆಯದು, ನಾವು ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೆಯದು. ಅದೂ ಜನಸಂದಣಿಯ ಹೊತ್ತಿನಲ್ಲಿ, ಮನೆಯ ಗೋಡೆಯ ಒಳಗೆ.

ಈ ಅಂತರಕ್ಕೆ ಕಾರಣ ಕಂಪನಿಗಳ ಸೋಮಾರಿತನ ಮಾತ್ರವಲ್ಲ. 2022ರ ಹರಾಜಿನಲ್ಲಿ ಜಿಯೋ ಮತ್ತು ಏರ್‌ಟೆಲ್ 5ಜಿಗಾಗಿ ಮುಖ್ಯವಾಗಿ ಕೊಂಡದ್ದು 3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗಾಂತರ. ಅದರಲ್ಲಿ ಡೇಟಾ ಸಾಗಿಸುವ ಸಾಮರ್ಥ್ಯ ಹೆಚ್ಚು, ಗೋಡೆ ಹಾಯುವ ಶಕ್ತಿ ಕಡಿಮೆ. ಗೋಡೆ ದಾಟಿ ದೂರ ಹೋಗಬಲ್ಲ 700 ಮೆಗಾಹರ್ಟ್ಸ್ ಅನ್ನು ಆ ಹರಾಜಿನಲ್ಲಿ ಕೊಂಡದ್ದು ಜಿಯೋ ಒಂದೇ. ಪರೇಲ್‌ನ ಕಟ್ಟಡಗಳು ಈ ಭೌತಶಾಸ್ತ್ರಕ್ಕೆ ಕಠಿಣ ಪರೀಕ್ಷೆ ಒಡ್ಡುತ್ತವೆ. ಮುಚ್ಚಿದ ಬಟ್ಟೆ ಗಿರಣಿಗಳ ಜಾಗದಲ್ಲಿ ಎದ್ದ ಕಚೇರಿಗಳ ಗಾಜಿಗೆ ಬಿಸಿಲು ತಡೆಯುವ ಲೋಹದ ಲೇಪವಿದ್ದರೆ ಅದು ಸಿಗ್ನಲ್ಲನ್ನೂ ತಡೆಯುತ್ತದೆ. ಟವರಿನ ಆಂಟೆನಾಗಳು ನೆಲದ ಕಡೆಗೆ ಬಾಗಿರುವುದರಿಂದ ನಲವತ್ತನೇ ಮಹಡಿಯಲ್ಲಿ ಹಲವು ದೂರದ ಟವರುಗಳ ಸಂಕೇತ ಒಂದರ ಮೇಲೊಂದು ಬಿದ್ದು, ಫೋನಿನ ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ನೆಟ್ ತೆವಳಬಹುದು. ಹಳೆಯ ಚಾಳ್ ವಠಾರದಲ್ಲಿ ಗ್ಯಾಲರಿಗೆ ಬಂದರೆ ಚೆನ್ನಾಗಿರುವ ವೇಗ ಒಳಕೋಣೆಯಲ್ಲಿ ಕುಸಿಯುತ್ತದೆ. ಇದರ ಮೇಲೆ ಹಂಚಿಕೆಯ ಪ್ರಶ್ನೆ: ಆಂಟೆನಾದ ಒಂದು ದಿಕ್ಕಿನಿಂದ ಸೆಕೆಂಡಿಗೆ 1,000 ಮೆಗಾಬಿಟ್ ಹೊರಟಿತೆಂದೇ ಇಟ್ಟುಕೊಳ್ಳಿ, ಐವತ್ತು ಮಂದಿ ಒಟ್ಟಿಗೆ ವಿಡಿಯೊ ಇಳಿಸಿದರೆ ತಲೆಗೆ ಇಪ್ಪತ್ತು. ಸಂಜೆ ಪ್ರಭಾದೇವಿ–ಪರೇಲ್ ನಿಲ್ದಾಣಗಳ ಬಳಿ ಐವತ್ತು ಮಂದಿ ಏನೂ ಅಲ್ಲ.

ಆದ್ದರಿಂದ ಮೊದಲ ಕೆಲಸ ಫೋನ್ ನೋಡುವುದು. ಜಿಯೋದ 5ಜಿ 4ಜಿಯ ಆಸರೆಯಿಲ್ಲದೆ ಸ್ವತಂತ್ರವಾಗಿ ನಡೆಯುವಂಥದ್ದು. ಏರ್‌ಟೆಲ್ ಶುರುಮಾಡಿದ್ದು 4ಜಿಯ ಜೊತೆಗೂಡಿ ನಡೆಯುವ ಬಗೆಯಲ್ಲಿ. ಹೊಸ ಫೋನ್ ಕೊಳ್ಳುವಾಗ ಅದು ಎರಡೂ ಬಗೆಯನ್ನು ಬೆಂಬಲಿಸುತ್ತದೆಯೇ, 3.5 ಗಿಗಾಹರ್ಟ್ಸ್ ಆಸುಪಾಸಿನ ಎನ್78 ಮತ್ತು 700 ಮೆಗಾಹರ್ಟ್ಸ್‌ನ ಎನ್28 ಬ್ಯಾಂಡುಗಳಿವೆಯೇ ಎಂದು ವಿವರಪಟ್ಟಿಯಲ್ಲಿ ನೋಡಿ. ಎರಡನೆಯದಾಗಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಗುಣಮಟ್ಟ ನಿಯಮದ ಪ್ರಕಾರ ಕಂಪನಿಗಳು ತಮ್ಮ ಸೇವೆ ಎಲ್ಲೆಲ್ಲಿ ಇದೆ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಹಾಕಲೇಬೇಕು. ನಿಮ್ಮ ಬೀದಿಯನ್ನು ಅದರಲ್ಲಿ ಹುಡುಕಿ. ನಕ್ಷೆ ಹೇಳುವುದು ಬೀದಿಯ ಮಾತನ್ನು, ಕೋಣೆಯ ಮಾತನ್ನಲ್ಲ. ಅದಕ್ಕೇ ಮೂರನೆಯದು ಬೇಕು: ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಹಾಕಿಕೊಂಡು ವೈಫೈ ಆರಿಸಿ, ಫೋನ್ ನಿಜವಾಗಿ ಇಟ್ಟು ಬಳಸುವ ಜಾಗದಲ್ಲೇ ಬೆಳಗ್ಗೆ, ಮಧ್ಯಾಹ್ನ ಊಟದ ಹೊತ್ತಿಗೆ, ರಾತ್ರಿ ಒಂಬತ್ತರ ಸುಮಾರಿಗೆ ಅಳೆಯಿರಿ. ಬಂದ ಅಂಕಿಗಳಲ್ಲಿ ಅತಿ ಕಡಿಮೆಯದನ್ನೇ ನಿಮ್ಮ ವೇಗವೆಂದು ತಿಳಿಯಿರಿ. ಸೆಕೆಂಡಿಗೆ 500 ಮೆಗಾಬಿಟ್ ಬರುವಲ್ಲಿ ಹದಿನೈದು ಸೆಕೆಂಡಿನ ಒಂದು ಪರೀಕ್ಷೆ ಹತ್ತಿರ ಹತ್ತಿರ ಒಂದು ಜಿಬಿ ನುಂಗುತ್ತದೆ ಎಂಬುದೂ ನೆನಪಿರಲಿ. 2024ರ ಜುಲೈ ದರ ಏರಿಕೆಯ ವೇಳೆ ಜಿಯೋ, ಏರ್‌ಟೆಲ್ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಲಾನುಗಳಿಗೆ ಸೀಮಿತಗೊಳಿಸಿದವು; ಅದಕ್ಕಿಂತ ಕೆಳಗಿನ ಪ್ಲಾನಿನವರು ಪರೀಕ್ಷೆಯ ಈ ಖರ್ಚನ್ನು ಗಮನಿಸಬೇಕು.

ನಗರದ ಸರಾಸರಿ ವೇಗವೇ ನೂರಾರು ಮೆಗಾಬಿಟ್ ಎಂದು ವರದಿಗಳು ಹೇಳುವಾಗ ಇಷ್ಟೆಲ್ಲ ಅನುಮಾನ ಏಕೆ ಎಂದು ಕೇಳಬಹುದು. ವರದಿಗಳು ಸುಳ್ಳೆನ್ನಬೇಕಾಗಿಲ್ಲ. ಆದರೆ ಖಾಲಿ ರಸ್ತೆಯ 600 ಮತ್ತು ಒಳಕೋಣೆಯ 8 ಸೇರಿದರೆ ಸರಾಸರಿ 304 ಆಗುತ್ತದೆ, ಒಳಕೋಣೆಯವನಿಗೆ ಸಿಗುವುದು 8. ಅಷ್ಟು ವೇಗ ಯಾರಿಗೆ ಬೇಕು, ವಿಡಿಯೊ ಕರೆಗೆ ನಾಲ್ಕೈದು ಮೆಗಾಬಿಟ್ ಸಾಕಲ್ಲ ಎನ್ನುವವರೂ ಇದ್ದಾರೆ. ಅವರ ಮಾತು ನಿಜ, ಮತ್ತು ಅದು ನನ್ನ ವಾದವನ್ನೇ ಬಲಪಡಿಸುತ್ತದೆ: ಕೆಲವರಿಗೆ ಸಾವಿರ ಸಿಗುವುದಕ್ಕಿಂತ ಎಲ್ಲರಿಗೂ ಐದು ತಪ್ಪದೆ ಸಿಗುವುದು ಮುಖ್ಯ. ಟಾಟಾ ಮೆಮೋರಿಯಲ್ ಮತ್ತು ಕೆಇಎಂ ಆಸ್ಪತ್ರೆಗಳಿರುವ ಈ ಪ್ರದೇಶದಲ್ಲಿ ಇದು ಬರಿಯ ಅನುಕೂಲದ ಮಾತಲ್ಲ. ಚಿಕಿತ್ಸೆಗೆ ಕರ್ನಾಟಕದಿಂದ ಬಂದ ಕುಟುಂಬ 500 ಎಂಬಿಯ ಸ್ಕ್ಯಾನ್ ಫೈಲನ್ನು ಊರಿನ ಡಾಕ್ಟರಿಗೆ ಕಳಿಸಬೇಕೆಂದರೆ ಅಪ್‌ಲೋಡ್ ವೇಗ ಬೇಕು. 5ಜಿಯ 3.5 ಗಿಗಾಹರ್ಟ್ಸ್ ತರಂಗಾಂತರದಲ್ಲಿ ಕಳಿಸುವುದಕ್ಕೆ ಮೀಸಲಾದ ಸಮಯ ಪಡೆಯುವುದಕ್ಕಿಂತ ಬಹಳ ಕಡಿಮೆ. 10 ಮೆಗಾಬಿಟ್ ಸಿಕ್ಕರೆ ಆ ಫೈಲಿಗೆ ಏಳು ನಿಮಿಷದ ಹತ್ತಿರ, 1 ಸಿಕ್ಕರೆ ಒಂದು ಗಂಟೆಗೂ ಮೇಲೆ. ಪರೀಕ್ಷೆಯಲ್ಲಿ ಅಪ್‌ಲೋಡ್ ಅಂಕಿಯನ್ನು ಬಿಡದೆ ನೋಡಿ. ಕಿಟಕಿಯ ಬಳಿ ಅಥವಾ ರಾತ್ರಿ ತಡವಾಗಿ ಕಳಿಸಿದರೆ ಬೇಗ ಹೋಗುವ ಸಾಧ್ಯತೆ ಹೆಚ್ಚು.

ಟವರ್ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅರ್ಧ ಉತ್ತರ. ವಸತಿ ಸೊಸೈಟಿಗಳು ವಿಕಿರಣದ ಭಯದಿಂದ ಆಂಟೆನಾ ಬೇಡವೆನ್ನುತ್ತವೆ. ಆದರೆ ಭಾರತ 2012ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನೇ ತನ್ನ ಮಿತಿಯಾಗಿ ಇಟ್ಟುಕೊಂಡಿದೆ, ನಿಮ್ಮ ಬಳಿಯ ಟವರಿನ ವಿವರ ಸರ್ಕಾರದ ತರಂಗ್ ಸಂಚಾರ್ ಜಾಲತಾಣದಲ್ಲಿ ಸಿಗುತ್ತದೆ. ಉಳಿದ ಅರ್ಧ ಇರುವುದು ಕಟ್ಟಡದೊಳಗೇ ಆಂಟೆನಾ ಅಳವಡಿಸುವುದರಲ್ಲಿ. ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ನಕ್ಷತ್ರ ಶ್ರೇಣಿ ಕೊಡುವ ನಿಯಮ ತಂದಿದೆ. ಪುನರ್ನಿರ್ಮಾಣವಾಗುತ್ತಿರುವ ಕಟ್ಟಡದಲ್ಲಿ ಮನೆ ಪಡೆಯುವವರು ಆ ಶ್ರೇಣಿಯನ್ನು ಬಿಲ್ಡರನ್ನು ಕೇಳಬೇಕು.

ಹೊಸ ಪೀಳಿಗೆಯ ಸೇವೆ ಎಲ್ಲರಿಗೂ ತಲುಪಲು ಹಿಡಿಯುವ ಕಾಲದ ಲೆಕ್ಕಕ್ಕೆ 4ಜಿಯ ಚರಿತ್ರೆ ಸಾಕು. ಅದು 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತಕ್ಕೆ, ಮುಂದಿನ ತಿಂಗಳು ಬೆಂಗಳೂರಿಗೆ ಬಂತು. ಸಾಮಾನ್ಯರ ಕೈಗೆ ಎಟುಕಿದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದ ಮೇಲೆ. ಬಿಎಸ್ಎನ್ಎಲ್ ತನ್ನ ಸ್ವದೇಶಿ 4ಜಿಯನ್ನು ದೇಶಕ್ಕೆ ಅರ್ಪಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. 6ಜಿಯ ಗುರಿ 2030ರ ಸುಮಾರು; ಅದಕ್ಕಾಗಿ ಇಂದು ಫೋನ್ ಖರೀದಿ ಮುಂದೂಡುವುದರಲ್ಲಿ ಅರ್ಥವಿಲ್ಲ. ಈಗಿನ ಸೇವೆ ನಿಮ್ಮ ಕೋಣೆಯಲ್ಲಿ ಸೋತರೆ ಅಳತೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕಂಪನಿಗೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಅದಕ್ಕೂ ಬಗ್ಗದಿದ್ದರೆ ಬೇರೆ ಕಂಪನಿಯ ಸಿಮ್ ಇರುವ ನೆರೆಯವರ ಫೋನಿನಲ್ಲಿ ಅದೇ ಕೋಣೆ, ಅದೇ ಹೊತ್ತಿನಲ್ಲಿ ಅಳೆದು ನೋಡಿ. ಅಲ್ಲಿ ಚೆನ್ನಾಗಿದ್ದರೆ, ಅದೇ ನಂಬರಿನೊಂದಿಗೆ ಆ ಕಂಪನಿಗೆ ಬದಲಾಗುವ ಮೊದಲ ಹೆಜ್ಜೆಯಾಗಿ ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರು ಸೇರಿಸಿ 1900ಕ್ಕೆ ಎಸ್ಎಂಎಸ್ ಕಳಿಸಿ.